ಒಂದು ಚುಕ್ಕೆಯ ಬೆಲೆ

ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ, ಸಮೀಪದ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳುಂಟು. 1931ರಲ್ಲಿ ಬೆಳಕಿಗೆ ಬಂದ ಇವೆರಡೂ ಸಾರುವ ಮಾತು ಒಂದೇ. ಪಾಲ್ಕಿಗುಂಡಿನ ಅಕ್ಷರಗಳು ಬಹುಮಟ್ಟಿಗೆ ಸವೆದುಹೋಗಿವೆ. ಗವಿಮಠದ ಬರಹ ಚೆನ್ನಾಗಿ ಉಳಿದಿದೆ. ಒಂದರಲ್ಲಿ ಅಳಿದುದನ್ನು ಇನ್ನೊಂದರ ನೆರವಿನಿಂದ ಓದಬಹುದಾಗಿದೆ. ಎರಡು ಬರಹಗಳನ್ನು ಜೊತೆಗಿಟ್ಟು ನೋಡಿದಾಗಲೇ ಸತ್ಯ ನಿಶ್ಚಯವಾಗುವ ಈ ನ್ಯಾಯವು ಕಲ್ಲಿನ ಮೇಲಿನ ಬರಹಕ್ಕೆ ಮಾತ್ರವಲ್ಲ, ಬಾನಿನಲ್ಲಿ ಕರಗಿಹೋಗುವ ಮಾತಿಗೂ ಸಲ್ಲುತ್ತದೆ. ಅದನ್ನು ಚೆನ್ನಾಗಿ ಬಲ್ಲವರು ಹವ್ಯಾಸಿ ಬಾನುಲಿಗರು. ಲೋಕವು ಅವರನ್ನು ‘ಹ್ಯಾಮ್’ ಎಂದು ಕರೆಯುತ್ತದೆ.

ಹ್ಯಾಮ್ ಎಂದರೆ ಲಾಭದ ಆಸೆಯಿಲ್ಲದೆ, ಸರ್ಕಾರದ ಪರವಾನಗಿ ಪಡೆದು, ತನ್ನ ಮನೆಯಿಂದಲೇ ನಿಸ್ತಂತು ಸಂದೇಶಗಳನ್ನು ಕಳುಹಿಸುವವನು. ಪ್ರತಿಯೊಬ್ಬನಿಗೂ ಒಂದು ಕರೆಗುರುತು ಉಂಟು. ಭಾರತದವರ ಕರೆಗುರುತುಗಳು ಸಾಮಾನ್ಯವಾಗಿ ‘ವಿಯು2’ ಅಥವಾ ‘ವಿಯು3’ ಎಂದು ಮೊದಲಾಗುತ್ತವೆ. ಒಂದು ಸಂಪರ್ಕ ಮುಗಿದೊಡನೆ ದಿನಾಂಕ, ವೇಳೆ, ತರಂಗಪಟ್ಟಿ, ಎದುರಿನವರ ಕರೆಗುರುತು, ಧ್ವನಿ ಎಷ್ಟು ಸ್ಪಷ್ಟವಾಗಿತ್ತೆಂಬ ಅಂಕಿ ಇಷ್ಟನ್ನೂ ಪುಸ್ತಕದಲ್ಲಿ ಬರೆದಿಡುವುದು ವಾಡಿಕೆ. ಇದೇ ಲಾಗ್ ಪುಸ್ತಕ.

ಅರ್ಧ ಸತ್ಯ

ಆದರೆ ಒಬ್ಬನ ಪುಸ್ತಕದಲ್ಲಿರುವುದು ಅರ್ಧ ಸತ್ಯ ಮಾತ್ರ. ದೂರದ ದ್ವೀಪವೊಂದರೊಡನೆ ಮಾತನಾಡಿದೆನೆಂದು ಇವನು ಬರೆದರೆ ಸಾಲದು. ಆ ದ್ವೀಪದವನ ಪುಸ್ತಕದಲ್ಲಿಯೂ ಇವನ ಹೆಸರು ಇರಬೇಕು. ಹಿಂದೆ ಇದನ್ನು ದೃಢಪಡಿಸಲು ‘ಕ್ಯೂಎಸ್‌ಎಲ್’ ಎಂಬ ಕಾರ್ಡುಗಳು ಅಂಚೆಯಲ್ಲಿ ಬರಬೇಕಾಗಿತ್ತು. ಅದಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು. ಅಮೆರಿಕದ ಹ್ಯಾಮ್ ಸಂಘವು 2003ರಲ್ಲಿ ‘ಲಾಗ್‌ಬುಕ್ ಆಫ್ ದಿ ವರ್ಲ್ಡ್’ ಎಂಬ ವ್ಯವಸ್ಥೆಯನ್ನು ತೆರೆಯಿತು. ಇಬ್ಬರೂ ಕಳುಹಿಸಿದ ದಾಖಲೆಗಳಲ್ಲಿ ಕರೆಗುರುತು, ತರಂಗಪಟ್ಟಿ, ವಿಧಾನಗಳು ಹೊಂದಿಕೊಂಡು, ವೇಳೆಯ ಅಂತರವು 30 ನಿಮಿಷದೊಳಗಿದ್ದರೆ ಸಂಪರ್ಕ ಸಿದ್ಧವಾಯಿತೆಂದು ಗಣಕಯಂತ್ರವೇ ಹೇಳುತ್ತದೆ.

ಹುಡುಕುವ ಬಗೆಯೂ ಕುತೂಹಲಕರ. ಪುಟಕ್ಕೆ 25 ಸಾಲಿನಂತೆ ಒಂದು ಲಕ್ಷ ಸಂಪರ್ಕಗಳನ್ನು ಬರೆದಿಟ್ಟರೆ 4,000 ಪುಟಗಳಾಗುತ್ತವೆ. ಅವುಗಳಲ್ಲಿ ಒಂದು ಹೆಸರನ್ನು ಹುಡುಕಲು ದಿನವೇ ಸಾಲದು. ಕರೆಗುರುತುಗಳನ್ನು ನಿಘಂಟಿನಂತೆ ಅಕ್ಷರಕ್ರಮದಲ್ಲಿ ಜೋಡಿಸಿಟ್ಟ ಯಂತ್ರವಾದರೋ ನಡುವಿನ ಹೆಸರನ್ನು ನೋಡಿ ಅರ್ಧ ಪಟ್ಟಿಯನ್ನು ಕೈಬಿಡುತ್ತದೆ. ಉಳಿದುದರಲ್ಲಿ ಮತ್ತೆ ಅರ್ಧವನ್ನು ಕೈಬಿಡುತ್ತದೆ. ಹೀಗೆ 17 ಬಾರಿ ನೋಡುವಷ್ಟರಲ್ಲಿ ಹೆಸರು ಸಿಕ್ಕಿರುತ್ತದೆ, ಇಲ್ಲವೆ ಅದು ಇಲ್ಲವೆಂಬುದು ಖಚಿತವಾಗಿರುತ್ತದೆ.

ಇಲ್ಲವೆಂದರೂ ಎದೆಗುಂದಬೇಕಾಗಿಲ್ಲ. ಮೋರ್ಸ್ ಸಂಕೇತದಲ್ಲಿ ‘ಎಸ್’ ಅಕ್ಷರಕ್ಕೆ ಮೂರು ಚುಕ್ಕೆ, ‘ಎಚ್’ ಅಕ್ಷರಕ್ಕೆ ನಾಲ್ಕು. ಗದ್ದಲದಲ್ಲಿ ಒಂದು ಚುಕ್ಕೆ ಕೇಳದೆ ಹೋದರೆ ಮನುಷ್ಯನೇ ಬೇರೆಯಾಗಿಬಿಡುತ್ತಾನೆ! ವೇಳೆಯ ತೊಡಕು ಇನ್ನೊಂದು. ಹ್ಯಾಮ್‌ಗಳು ಬರೆಯುವುದು ಲೋಕಕ್ಕೆಲ್ಲ ಸಮಾನವಾದ ವೇಳೆಯನ್ನು; ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದು. ಗಂಗಾವತಿಯಲ್ಲಿ 10ನೆಯ ತಾರೀಖಿನ ಬೆಳಗಿನ 5 ಗಂಟೆಯೆಂದರೆ ಲಾಗ್‌ನಲ್ಲಿ 9ನೆಯ ತಾರೀಖಿನ ರಾತ್ರಿ 11.30. ತಾರೀಖು ತಪ್ಪಿ ಹುಡುಕಿದವನಿಗೆ ತನ್ನ ಮಾತೇ ದೊರೆಯದು. ಆದುದರಿಂದ ಒಳ್ಳೆಯ ಶೋಧಕವು ಒಂದಕ್ಷರ ಬಿಟ್ಟು ಹುಡುಕುವುದಕ್ಕೂ, ಹಿಂದುಮುಂದಿನ ದಿನಗಳನ್ನು ನೋಡುವುದಕ್ಕೂ ಅವಕಾಶ ಕೊಡುತ್ತದೆ.

ನಾಲ್ಕು ಊರು, ಒಂದು ಚೌಕ

ಕರೆಗುರುತಿನಿಂದ ಮಾತ್ರವಲ್ಲ, ಸ್ಥಳದಿಂದಲೂ ಹುಡುಕಬಹುದು. ಹ್ಯಾಮ್‌ಗಳು ಭೂಮಂಡಲವನ್ನು 32,400 ಚೌಕಗಳಾಗಿ ವಿಂಗಡಿಸಿದ್ದಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ‘ಎಂಕೆ85’ ಎಂಬ ಒಂದೇ ಚೌಕದಲ್ಲಿವೆ. ಯಲಬುರ್ಗಾ ಅದರ ಪಶ್ಚಿಮದ ಅಂಚಿನಲ್ಲಿದೆ. ಗದಗಿಗೆ ಹೋದರೆ ಚೌಕ ಬದಲಾಗಿ ‘ಎಂಕೆ75’ ಆಗುತ್ತದೆ. ಪರದೇಶದ ಹ್ಯಾಮ್ ಒಬ್ಬನು ತನ್ನ ಲಾಗ್‌ನಲ್ಲಿ ‘ಎಂಕೆ85’ ಎಂದು ಹುಡುಕಿದನಾದರೆ ತುಂಗಭದ್ರೆಯ ಈ ಸೀಮೆಯ ದನಿ ತನ್ನ ಕಿವಿಗೆ ಎಂದಾದರೂ ಬಿದ್ದಿತ್ತೇ ಎಂಬುದು ತಿಳಿಯುತ್ತದೆ.

2005ರ ಮೇ 5ರಂದು ಭಾರತವು ಹಾರಿಬಿಟ್ಟ ‘ಹ್ಯಾಮ್‌ಸ್ಯಾಟ್’ ಉಪಗ್ರಹವು ಹವ್ಯಾಸಿಗಳಿಗಾಗಿಯೇ ನಿರ್ಮಾಣವಾದುದು. ಅದು 2014ರವರೆಗೆ ಕೆಲಸ ಮಾಡಿತು. ಅಂಥ ಉಪಗ್ರಹ ತಲೆಯ ಮೇಲೆ ಹಾದುಹೋಗುವ ಕೆಲವೇ ನಿಮಿಷಗಳಲ್ಲಿ ಕುಶಲ ವಿಚಾರಿಸಲು ಪುರುಸೊತ್ತೆಲ್ಲಿ? ಕರೆಗುರುತು, ಚೌಕದ ಹೆಸರು ಇಷ್ಟು ಹೇಳಿದರೆ ಮಾತು ಮುಗಿಯಿತು. ಉಳಿಯುವುದು ಲಾಗ್‌ನ ಒಂದು ಸಾಲು ಮಾತ್ರ.

ಆ ಒಂದು ಸಾಲಿನ ಬೆಲೆ ಎಷ್ಟೆಂಬುದು ಕಷ್ಟಕಾಲದಲ್ಲಿ ತಿಳಿಯುತ್ತದೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ತಂಡವು ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ಹವ್ಯಾಸದ ಸಂಪರ್ಕಗಳಲ್ಲಿ ತೊಡಗಿತ್ತು. 26ರಂದು ಸುನಾಮಿ ಅಪ್ಪಳಿಸಿತು. ಅದುವರೆಗೆ ವಿನೋದಕ್ಕಾಗಿ ನುಡಿಯುತ್ತಿದ್ದ ಯಂತ್ರವು, ಬದುಕುಳಿದವರ ಸುದ್ದಿಯನ್ನು ಅವರ ಮನೆಯವರಿಗೆ ಮುಟ್ಟಿಸುವ ದೂತನಾಯಿತು. ಇಂಥ ಹೊತ್ತಿನಲ್ಲಿ ಯಾರ ಸುದ್ದಿ, ಎಷ್ಟು ಗಂಟೆಗೆ, ಯಾರ ಕೈಗೆ ದಾಟಿತೆಂಬ ಬರಹ ಒಡನೆ ದೊರೆಯಬೇಕು. ಹೆಸರಿನ ಒಂದಕ್ಷರ ತಪ್ಪಿದರೆ ಒಬ್ಬ ತಾಯಿಯ ಸಮಾಧಾನ ಇನ್ನೊಂದು ಮನೆಯ ಬಾಗಿಲಿಗೆ ಹೋದೀತು.

ಆದಕಾರಣ ಶೋಧಕವು ಸಮೀಪದ ಹೆಸರುಗಳನ್ನು ತೋರಿಸಬಹುದೇ ಹೊರತು, ತಾನಾಗಿ ತಿದ್ದಬಾರದು. ದೊಡ್ಡ ತಂಡಗಳು ತಮ್ಮ ಲಾಗ್ ಅನ್ನು ಸಾರ್ವಜನಿಕರ ಶೋಧಕ್ಕೆ ತೆರೆದಿಡುವಾಗ, ಕರೆಗುರುತು ಯಾವ ಪಟ್ಟಿಯಲ್ಲಿ ಇದೆಯೆಂಬುದನ್ನು ಮಾತ್ರ ತೋರಿಸಿ, ವೇಳೆಯನ್ನು ಸಾಮಾನ್ಯವಾಗಿ ಮರೆಮಾಡುತ್ತವೆ. ವೇಳೆಯನ್ನು ನೋಡಿ ಯಾರೂ ಆಡದ ಮಾತನ್ನು ಆಡಿದೆನೆಂದು ಬರೆದುಕೊಳ್ಳಬಾರದಷ್ಟೆ!

ಪಾಲ್ಕಿಗುಂಡಿನ ಸವೆದ ಸಾಲನ್ನು ಓದುವವರು ಗವಿಮಠದ ಬರಹವನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತಾರೆಯೇ ವಿನಾ, ಉಳಿ ಹಿಡಿದು ಬಂಡೆಯ ಮೇಲೆ ಹೊಸ ಅಕ್ಷರ ಕೆತ್ತುವುದಿಲ್ಲ. ಯಂತ್ರವು ಕ್ಷಣದಲ್ಲಿ ಹುಡುಕಿಕೊಡಬಲ್ಲದು. ಕೇಳಿದುದನ್ನು ಕೇಳಿದಂತೆಯೇ ಬರೆಯುವ ಹೊಣೆ ಮಾತ್ರ ಇಂದಿಗೂ ಮನುಷ್ಯನದೇ.