ಅಂಗೈ ಅಗಲದ ರಟ್ಟು... ಬೆಲೆ 16 ಕೋಟಿ!

‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳನ್ನು ನೋಡಿದ್ದೀರಲ್ಲ? 2001, 2002, 2003... ವರ್ಷಕ್ಕೊಂದರಂತೆ ಪೀಟರ್ ಜಾಕ್ಸನ್ ತೆರೆಗೆ ತಂದ ಮೂರು ಚಿತ್ರಗಳು. ಮೂರನೆಯದು 11 ಆಸ್ಕರ್ ಹೊಡೆದುಕೊಂಡು ಹೋಯಿತು. ಅದರಲ್ಲಿ ಕುಳ್ಳ ಫ್ರೋಡೊ ಕೊರಳಿಗೆ ಕಟ್ಟಿಕೊಂಡು ಅಲೆಯುತ್ತಾನಲ್ಲ, ಆ ಉಂಗುರ 2023ರಲ್ಲಿ ಕೆನಡಾದ ಟೊರಾಂಟೊ ಕಡೆಯ ಒಬ್ಬ ಮನುಷ್ಯನ ಕೈಗೆ ಸಿಕ್ಕಿಬಿಟ್ಟಿತು!

ಚಿನ್ನದ್ದಲ್ಲ ಸ್ವಾಮಿ, ರಟ್ಟಿನದು. ಇಸ್ಪೀಟಿನ ಎಲೆಯಷ್ಟೇ ದೊಡ್ಡದು. ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಆತ ಅದನ್ನು 20 ಲಕ್ಷ ಡಾಲರಿಗೆ ಮಾರಿದನೆಂದು ಆಗ ಪತ್ರಿಕೆಗಳು ಬರೆದವು. ಆ ಹೊತ್ತಿನ ಲೆಕ್ಕಕ್ಕೆ ನಮ್ಮ ದುಡ್ಡಿನಲ್ಲಿ ಸುಮಾರು 16 ಕೋಟಿ ರೂಪಾಯಿ. ಗಾಂಧಿನಗರದ ನಿರ್ಮಾಪಕರ ಕೈಗೆ ಕೊಟ್ಟಿದ್ದರೆ ಎರಡು ಮೂರು ಚಿತ್ರಗಳ ಮುಹೂರ್ತವೇ ಆಗುತ್ತಿತ್ತೇನೋ!

ಒಂದು ರಟ್ಟಿಗೆ ಇಷ್ಟು ಬೆಲೆ ಬಂದದ್ದು ಹೇಗೆ? ಅದೊಂದು ದೊಡ್ಡ ಕಥೆ.

ಕಡಿಮೆ ಖರ್ಚಿನ ಆಟ

ಆಟದ ಹೆಸರು ‘ಮ್ಯಾಜಿಕ್: ದಿ ಗ್ಯಾದರಿಂಗ್’. ಹುಟ್ಟಿಸಿದವನು ರಿಚರ್ಡ್ ಗಾರ್ಫೀಲ್ಡ್, ಅಮೆರಿಕದ ಗಣಿತದ ಮೇಷ್ಟ್ರು. ಈತ ಮೊದಲು ಬೇರೆಯೇ ಒಂದು ಆಟ ಹಿಡಿದುಕೊಂಡು ‘ವಿಝರ್ಡ್ಸ್ ಆಫ್ ದಿ ಕೋಸ್ಟ್’ ಎಂಬ ಪುಟ್ಟ ಕಂಪನಿಯ ಬಾಗಿಲು ತಟ್ಟಿದ. ಕಂಪನಿಯ ಯಜಮಾನ ಪೀಟರ್ ಆಡ್ಕಿಸನ್, “ಇದಕ್ಕೆ ಬಂಡವಾಳ ಜಾಸ್ತಿಯಾಯ್ತು, ಕಡಿಮೆ ಖರ್ಚಿನದು, ಜೇಬಲ್ಲಿಟ್ಟುಕೊಂಡು ಹೋಗಿ ಎಲ್ಲಿ ಬೇಕಾದರೂ ಆಡುವಂಥದ್ದು ಏನಾದರೂ ಮಾಡು” ಎಂಬ ಅರ್ಥದ ಮಾತು ಹೇಳಿ ಕಳಿಸಿದ. ನಮ್ಮಲ್ಲಿ ನಿರ್ಮಾಪಕರು ಕಥೆಗಾರನಿಗೆ ಹೇಳುವುದಿಲ್ಲವೇ, ಹಾಗೆ. ಅದರಿಂದ 1993ರಲ್ಲಿ ಹುಟ್ಟಿದ್ದೇ ಈ ಕಾರ್ಡಿನಾಟ.

ಆಡುವ ಇಬ್ಬರೂ ಮಂತ್ರವಾದಿಗಳು. ತಲಾ 20 ಪ್ರಾಣ. ಕೈಯಲ್ಲಿ 60 ಕಾರ್ಡುಗಳ ಕಟ್ಟು. ಭೂಮಿಯ ಕಾರ್ಡಿನಿಂದ ಶಕ್ತಿ ಎಳೆದು, ಆ ಶಕ್ತಿಯಿಂದ ರಾಕ್ಷಸರನ್ನೋ ಸಿಡಿಲನ್ನೋ ಎದುರಾಳಿಯ ಮೇಲೆ ಬಿಡಬೇಕು. ಥೇಟ್ ವಿಠಲಾಚಾರ್ಯರ ಚಿತ್ರ! ಆದರೆ ಮುಖ್ಯ ವಿಷಯ ಇಲ್ಲಿದೆ: ಇಸ್ಪೀಟಿನಲ್ಲಿ ಎಲ್ಲರ ಕಟ್ಟೂ ಒಂದೇ. ಇಲ್ಲಿ ನಿಮ್ಮ ಕಟ್ಟು ನಿಮ್ಮದು, ನನ್ನದು ನನ್ನದು. ಕಾರ್ಡು ಮುಚ್ಚಿದ ಪ್ಯಾಕೆಟಿನಲ್ಲಿ ಬರುತ್ತದೆ. ಒಳಗೆ ಏನಿದೆಯೋ ಹರಿದು ನೋಡಿದ ಮೇಲೇ ಗೊತ್ತು. ಕೆಲವು ಬೇಕಾದಷ್ಟು ಸಿಗುತ್ತವೆ, ಕೆಲವು ದುರ್ಲಭ.

ಕಪ್ಪು ತಾವರೆ

ದುರ್ಲಭಗಳ ಮಹಾರಾಣಿ ಎಂದರೆ ‘ಬ್ಲ್ಯಾಕ್ ಲೋಟಸ್’. ಚಿತ್ರ ಬರೆದವನು ಕ್ರಿಸ್ಟೋಫರ್ ರಶ್. ಪುಕ್ಕಟೆಯಾಗಿ ಇಳಿಸಬಹುದಾದ ಕಾರ್ಡು; ಒಂದು ಸಲ ಮೂರು ಪಾಲು ಶಕ್ತಿ ಕೊಟ್ಟು ತಾನು ಹೋಗಿಬಿಡುತ್ತದೆ. ಅಂದರೆ ನಾಲ್ಕನೇ ಸರದಿಯಲ್ಲಿ ಮಾಡಬೇಕಾದದ್ದನ್ನು ಮೊದಲನೇ ಸರದಿಯಲ್ಲೇ ಮಾಡಿ ಮುಗಿಸಬಹುದು. ಎದುರಾಳಿ ಕಣ್ಣು ಬಿಡುವಷ್ಟರಲ್ಲಿ ಇಂಟರ್‌ವಲ್!

1993ರ ಮೊದಲ ಮುದ್ರಣದಲ್ಲಿ ಇದು ಅಚ್ಚಾದದ್ದು ಸುಮಾರು 1,100 ಮಾತ್ರ. ಆಗ ಯಾರಿಗೂ ಇದು ಮುಂದೆ ಬಂಗಾರ ಎಂದು ಗೊತ್ತಿರಲಿಲ್ಲ. ಹುಡುಗರು ಬರಿಗೈಯಲ್ಲೇ ಕಲೆಸಿದರು, ಮೇಜಿನ ಮೇಲೆ ಉಜ್ಜಿದರು, ಮೂಲೆ ಮಡಿಸಿದರು. ಹಾಗೆ ಸವೆದು ಹೋದದ್ದೆಷ್ಟೋ. 1996ರಲ್ಲಿ ಕಂಪನಿ ಒಂದು ಪಟ್ಟಿ ಹಾಕಿ, ಈ ಕಾರ್ಡುಗಳನ್ನು ಇನ್ನು ಮರುಮುದ್ರಿಸುವುದಿಲ್ಲ ಎಂದು ಮಾತು ಕೊಟ್ಟಿತು. ಅದರಲ್ಲಿ ಕಪ್ಪು ತಾವರೆಯೂ ಸೇರಿತು. ಬೆಲೆ ಏರದೆ ಇರುತ್ತದೆಯೇ? 2021ರ ಜನವರಿಯಲ್ಲಿ ಮಚ್ಚೆಯಿಲ್ಲದ ಒಂದು ಪ್ರತಿ 5,11,100 ಡಾಲರಿಗೆ ಹೋಯಿತು. ಅದನ್ನಿಟ್ಟಿದ್ದ ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲೆ ರಶ್‌ನ ರುಜುವಿತ್ತು. ರಶ್ ಮಾತ್ರ 2016ರಲ್ಲೇ ತೀರಿಕೊಂಡಿದ್ದ.

ಈ ದುಬಾರಿತನಕ್ಕೆ ಒಂದು ನ್ಯಾಯವಿದೆ ಅಂತ ನನಗನ್ನಿಸುತ್ತದೆ. ಅದು ಆಡಿ, ಸೋತು, ಗೆದ್ದು, ಕಳೆದುಹೋಗಿ ಉಳಿದದ್ದು. ಹಳೇ ಚಿತ್ರದ ನೆಗೆಟಿವ್ ಸುಟ್ಟುಹೋಗಿ ಒಂದೇ ಒಂದು ಪ್ರಿಂಟು ಉಳಿದ ಹಾಗೆ.

ಒಂದೇ ಒಂದು!

ಉಂಗುರದ ಕಾರ್ಡಿನ ಕಥೆ ಹಾಗಲ್ಲ. ಅದು ಹುಟ್ಟುವಾಗಲೇ ಒಂಟಿ.

2023ರ ಜೂನ್ 23ರಂದು ಟೋಲ್ಕಿನ್ ಕಥೆಯ ಮೇಲೆ ಹೊಸ ಕಾರ್ಡುಗಳ ಸರಣಿ ಬಂತು. (ಚಿತ್ರದ ನಟರ ಮುಖಗಳು ಇದರಲ್ಲಿಲ್ಲ, ಹಕ್ಕು ತಂದದ್ದು ಕಾದಂಬರಿಯದು.) ಕಥೆಯಲ್ಲಿ ಎಲ್ಫ್‌ಗಳಿಗೆ ಮೂರು ಉಂಗುರ, ಕುಬ್ಜರಿಗೆ ಏಳು, ಮನುಷ್ಯರಿಗೆ ಒಂಬತ್ತು ಇವೆಯಲ್ಲ? ಅದೇ ಲೆಕ್ಕ ಹಿಡಿದು ‘ಸೋಲ್ ರಿಂಗ್’ ಎಂಬ ಕಾರ್ಡಿನ ಎಲ್ಫ್ ಮಾದರಿ 300, ಕುಬ್ಜರ ಮಾದರಿ 700, ಮನುಷ್ಯರ ಮಾದರಿ 900 ಅಚ್ಚು ಹಾಕಿ, ಒಂದೊಂದಕ್ಕೂ ನಂಬರು ಕೊಟ್ಟರು. ಮತ್ತೆ ಎಲ್ಲವನ್ನೂ ಆಳುವ ಆ ದುಷ್ಟ ಉಂಗುರ? ಅದರ ವಿಶೇಷ ಮಾದರಿ ಇಡೀ ಪ್ರಪಂಚಕ್ಕೆ ಒಂದು! ಅದರ ಮೇಲಿನ ಬರಹ ಕೂಡ ಖಳನಾಯಕ ಸೌರಾನನ ಕರಾಳ ಭಾಷೆಯಲ್ಲಿ. ಓದಲು ಯಾರಿಗೂ ಬಾರದು.

ಬುದ್ಧಿ ಅಂದರೆ ಇದಪ್ಪಾ! ಅದನ್ನು ‘ಕಲೆಕ್ಟರ್ ಬೂಸ್ಟರ್’ ಎಂಬ ದುಬಾರಿ ಪ್ಯಾಕೆಟ್ ಒಂದರಲ್ಲಿ ಸೇರಿಸಿ ಮಾರುಕಟ್ಟೆಗೆ ಬಿಟ್ಟರು. ಯಾವ ದೇಶಕ್ಕೆ, ಯಾವ ಅಂಗಡಿಗೆ ಹೋಯಿತೋ ಯಾರಿಗೆ ಗೊತ್ತು? ಪ್ಯಾಕೆಟ್ ಹರಿಯುವ ಮೊದಲೇ ಹರಾಜು ಶುರು. ಅಮೆರಿಕದ ಒಂದು ಅಂಗಡಿ ತಂದುಕೊಟ್ಟವರಿಗೆ 10 ಲಕ್ಷ ಡಾಲರ್ ಅಂದಿತು. ಸ್ಪೇನಿನ ವೆಲೆನ್ಸಿಯಾದ ಅಂಗಡಿಯೊಂದು 20 ಲಕ್ಷ ಯೂರೋ ಕೊಡ್ತೀವಿ, ಜೊತೆಗೆ ನಮ್ಮೂರಿನ ಪಯೆಯಾ ಅನ್ನದ ಊಟವನ್ನೂ ಹಾಕ್ತೀವಿ ಅಂದಿತು!

ವಾರ ಕಳೆಯುವಷ್ಟರಲ್ಲಿ ಕೆನಡಾದ ಆ ಮನುಷ್ಯನ ಪ್ಯಾಕೆಟಿನಲ್ಲಿ ಉಂಗುರ ಬಂದೇ ಬಂತು. ಕಾರ್ಡುಗಳಿಗೆ ಅಂಕ ಕೊಡುವ ಪಿ.ಎಸ್.ಎ. ಎಂಬ ಸಂಸ್ಥೆ ಅಸಲಿಯೆಂದು ದೃಢಪಡಿಸಿ, ಹತ್ತಕ್ಕೆ ಒಂಬತ್ತು ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿತು. ಈ ಅಂಕವೂ ಒಂದು ಸೆನ್ಸಾರ್ ಸರ್ಟಿಫಿಕೇಟ್ ಇದ್ದ ಹಾಗೆ. ಅದಿಲ್ಲದೆ ದೊಡ್ಡ ಮಾಲು ಬಿಕರಿಯಾಗುವುದು ಕಷ್ಟ. ನಕಲಿ ಮಾಡುವವರು ಅಲ್ಲೂ ಇದ್ದಾರೆ ನೋಡಿ.

ಕೊಂಡವನು ಯಾರು?

ಹಾಡುಗಾರ ಪೋಸ್ಟ್ ಮಲೋನ್. ಮುಖದ ತುಂಬಾ ಹಚ್ಚೆ ಹಾಕಿಸಿಕೊಂಡಿರುವ ಜಗತ್ಪ್ರಸಿದ್ಧ ತಾರೆ. ಆದರೆ ಸುಮ್ಮನೆ ದುಡ್ಡು ಚೆಲ್ಲುವ ಶೋಕಿಲಾಲ ಅಂದುಕೊಳ್ಳಬೇಡಿ, ಈ ಆಟದ ಹುಚ್ಚು ಇರುವವನು, ಕೂತು ಆಡುವವನು. ರಶ್ ಸಹಿ ಹಾಕಿದ ಒಂದು ಬ್ಲ್ಯಾಕ್ ಲೋಟಸ್‌ಗೆ 8 ಲಕ್ಷ ಡಾಲರ್ ಕೊಟ್ಟೆನೆಂದು 2022ರಲ್ಲಿ ತಾನೇ ಹೇಳಿಕೊಂಡಿದ್ದ. 2023ರ ಆಗಸ್ಟ್ ಮೊದಲಿಗೆ ಉಂಗುರದ ವ್ಯವಹಾರ ಮುಗಿದ ಸುದ್ದಿ ಹೊರಬಿತ್ತು. ಮಾರಿದವನೂ ಕೊಂಡವನೂ ಎದುರೆದುರು ನಿಂತ ವಿಡಿಯೋ ಜಗತ್ತೆಲ್ಲ ಸುತ್ತಿತು. ಅಂಗಡಿಯ ನೌಕರ ರಾತ್ರೋರಾತ್ರಿ ಕೋಟ್ಯಧೀಶ... ನಮ್ಮ ಯಾವ ಚಿತ್ರಕಥೆಗೆ ಕಡಿಮೆ, ಹೇಳಿ?

ಆದರೆ ಚಿತ್ರದಲ್ಲಿ ತೋರಿಸದ ಭಾಗವೊಂದಿದೆ. ಅದೇ ಆಸೆಯಿಂದ ಪ್ಯಾಕೆಟ್ ಮೇಲೆ ಪ್ಯಾಕೆಟ್ ಹರಿದು ಬರಿಗೈಯಲ್ಲಿ ಎದ್ದವರೆಷ್ಟು! ಈ ಸರಣಿ ಆರು ತಿಂಗಳಲ್ಲಿ 20 ಕೋಟಿ ಡಾಲರ್ ವ್ಯಾಪಾರ ಮಾಡಿತು. 20 ಲಕ್ಷ ಎಲ್ಲಿ, 20 ಕೋಟಿ ಎಲ್ಲಿ? ಆ 20 ಲಕ್ಷವನ್ನೂ ಕಂಪನಿ ಕೊಟ್ಟದ್ದಲ್ಲ, ಹಾಡುಗಾರ ಕೊಟ್ಟದ್ದು. ಕಂಪನಿಗೆ ಬಿದ್ದ ಖರ್ಚು ಒಂದು ರಟ್ಟು, ಒಂದಿಷ್ಟು ಬಣ್ಣ. ಮ್ಯಾಟ್ನಿಗೆ ಬ್ಲ್ಯಾಕಿನಲ್ಲಿ ಟಿಕೆಟ್ ಮಾರುವವನೂ ಟಿಕೆಟ್ ಮೊದಲು ತಾನೇ ದುಡ್ಡು ಕೊಟ್ಟು ಕೊಳ್ಳಬೇಕು ಕಣ್ರೀ! ಇದಾದ ಮೇಲೆ ಚಟ ಬಿಟ್ಟರೇ? 2025ರ ‘ಫೈನಲ್ ಫ್ಯಾಂಟಸಿ’ ಸರಣಿಯಲ್ಲಿ ಚೊಕೊಬೋ ಎಂಬ ಹಕ್ಕಿಯ ಬಂಗಾರ ಬಣ್ಣದ ಕಾರ್ಡು 77 ಮಾತ್ರ ಎಂದರು. ಅದು ಒಂದೇ ದಿನದಲ್ಲಿ 20 ಕೋಟಿ ಡಾಲರ್ ಬಾಚಿತು.

ಇನ್ನೊಂದು ತಮಾಷೆ ಕೇಳಿ. ಈ 16 ಕೋಟಿಯ ಕಾರ್ಡಿಗೂ ಅದೇ ಹೆಸರಿನ ಮಾಮೂಲಿ ಕಾರ್ಡಿಗೂ ಆಟದಲ್ಲಿ ಕಿಂಚಿತ್ತೂ ವ್ಯತ್ಯಾಸವಿಲ್ಲ. ಮಾಮೂಲಿಯದು ಕೆಲವು ಸಾವಿರ ರೂಪಾಯಿಗೆ ಸಿಗುವಂಥದ್ದು. ಇಳಿಸಿದರೆ ಒಂದು ಸುತ್ತು ನಿಮ್ಮನ್ನು ಯಾರೂ ಮುಟ್ಟುವಂತಿಲ್ಲ. ಆಮೇಲೆ ಸರದಿಗೆ ಸರದಿ ಜಾಸ್ತಿ ಜಾಸ್ತಿ ಕಾರ್ಡು ಎಳೆದುಕೊಳ್ಳಬಹುದು, ಅದಕ್ಕೆ ತಕ್ಕಂತೆ ಪ್ರಾಣವೂ ಸೋರುತ್ತದೆ. ಪಂದ್ಯಗಳಲ್ಲಿ ಎಲ್ಲರ ಕೈಯಲ್ಲೂ ಇದೇ ಆಗಿ, ಆಟವೇ ಕೆಡುತ್ತಿದೆ ಎಂಬ ದೂರು ಎದ್ದಿತು. 2024ರ ಡಿಸೆಂಬರ್‌ನಲ್ಲಿ ‘ಮಾಡರ್ನ್’ ಎಂಬ ಪಂದ್ಯದ ವರ್ಗದಲ್ಲಿ ಕಂಪನಿಯೇ ಅದನ್ನು ನಿಷೇಧಿಸಿತು. ಮಾಮೂಲಿ ಕಾರ್ಡಿನ ಜೊತೆಗೆ 16 ಕೋಟಿಯದಕ್ಕೂ ಆ ಮೇಜಿನಿಂದ ಗೇಟ್‌ಪಾಸ್!