ಕಣ್ಣಿನ ಮೇಲೆ ಮಾಯದ ಗಾಯ

ಭತ್ತ ಬಡಿಯುವಾಗ ಹೊಟ್ಟು ಸಿಡಿದೋ, ಎತ್ತಿಕೊಂಡ ಮಗುವಿನ ಉಗುರು ತಾಗಿಯೋ ಕಣ್ಣಿನಲ್ಲಿ ಗೀರು ಬೀಳುವುದುಂಟು. ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಬೆಳಕು ನೋಡಲಾಗುವುದಿಲ್ಲ. ಸಣ್ಣ ಗೀರಾದರೆ ಎರಡು ಮೂರು ದಿನಗಳಲ್ಲಿ ಗುರುತೂ ಇಲ್ಲದಂತೆ ಮಾಯುತ್ತದೆ. ಆದರೆ ಕೆಲವರಲ್ಲಿ ಅಂತಹುದೇ ಗಾಯ ಎರಡು ವಾರ ಕಳೆದರೂ ಮುಚ್ಚಿಕೊಳ್ಳುವುದಿಲ್ಲ. ತೆರೆದ ಗಾಯಕ್ಕೆ ಸೋಂಕು ತಗಲಬಹುದು. ಕಾರ್ನಿಯಾ ಕರಗಿ ತೂತಾಗಿ ದೃಷ್ಟಿಯೇ ಹೋಗಬಹುದು. ಹೀಗೇಕೆ? ಇದನ್ನು ತಿಳಿಯಲು ಗಾಯ ಮಾಯುವ ಬಗೆಯನ್ನು ಮೊದಲು ನೋಡೋಣ.

ಸದಾ ಹೊಸದಾಗುವ ಹೊದಿಕೆ

ಗಡಿಯಾರದ ಗಾಜಿನಂತೆ ಕಣ್ಣಿನ ಮುಂಭಾಗವನ್ನು ಮುಚ್ಚಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ನಡುಭಾಗದಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರ ಹೊರಹೊದಿಕೆ ಎಪಿತೀಲಿಯಂ. ಐದರಿಂದ ಏಳು ಪದರ ಕೋಶಗಳಿರುವ ಇದರ ದಪ್ಪ ಸುಮಾರು 50 ಮೈಕ್ರೋಮೀಟರ್ ಮಾತ್ರ. ಮೇಲಿನ ಕೋಶಗಳು ಸತತವಾಗಿ ಉದುರುತ್ತಿರುತ್ತವೆ. ಕಣ್ಣಿನ ಕಪ್ಪು ಮತ್ತು ಬಿಳಿ ಭಾಗಗಳು ಕೂಡುವ ಅಂಚಿನಲ್ಲಿ, ಅಂದರೆ ಲಿಂಬಸ್‌ನಲ್ಲಿ, ಆಕರಕೋಶಗಳಿವೆ (ಸ್ಟೆಮ್‌ಸೆಲ್). ಅವುಗಳಿಂದ ಹುಟ್ಟಿದ ಕೋಶಗಳು ನಡುಭಾಗದತ್ತ ಸರಿಯುತ್ತವೆ. ಥಾಫ್ಟ್ ಮತ್ತು ಫ್ರೆಂಡ್ 1983ರಲ್ಲಿ ಇದನ್ನು ಒಂದು ಸರಳ ಸಮೀಕರಣವಾಗಿ ಮುಂದಿಟ್ಟರು: ಎಕ್ಸ್ + ವೈ = ಝಡ್. ತಳದಿಂದ ಮೇಲೇರುವ ಕೋಶಗಳು ಎಕ್ಸ್, ಅಂಚಿನಿಂದ ಬರುವವು ವೈ, ಉದುರುವವು ಝಡ್. ಈ ಲೆಕ್ಕ ಸರಿದೂಗಿದಷ್ಟು ಕಾಲ ಹೊದಿಕೆ ಭದ್ರ.

ಗೀರು ಬಿದ್ದಾಗ ಸುತ್ತಲಿನ ಕೋಶಗಳು ಕೆಲವೇ ಗಂಟೆಗಳಲ್ಲಿ ಚಪ್ಪಟೆಯಾಗಿ ಜಾರಿಬಂದು ಖಾಲಿ ಜಾಗವನ್ನು ಮುಚ್ಚುತ್ತವೆ. ಬಳಿಕ ವಿಭಜನೆಗೊಂಡು ಪದರಗಳನ್ನು ಕಟ್ಟುತ್ತವೆ. ಇದಕ್ಕೆ ನಾಲ್ಕು ಅಗತ್ಯಗಳಿವೆ: ಹೊಸ ಕೋಶಗಳು, ಅವು ಅಂಟಿಕೊಳ್ಳಲು ನೆಲ, ಕಣ್ಣೀರು ಮತ್ತು ನರ. ನರವೇಕೆ ಎನ್ನುವಿರಾ? ಕಾರ್ನಿಯಾದ ನರಗಳು ನೋವನ್ನು ತಿಳಿಸುವುದಷ್ಟೇ ಅಲ್ಲ, ಎಪಿತೀಲಿಯಂ ಕೋಶಗಳನ್ನು ಪೋಷಿಸುವ ವಸ್ತುಗಳನ್ನೂ ಸ್ರವಿಸುತ್ತವೆ. ಹರ್ಪಿಸ್ ವೈರಸ್ಸಿನ ಸೋಂಕು, ಮಧುಮೇಹ ಮೊದಲಾದವುಗಳಿಂದ ಈ ನರಗಳು ಕೆಟ್ಟರೆ ಗಾಯ ಮಾಯುವುದಿಲ್ಲ, ನೋಯುವುದೂ ಇಲ್ಲ. ಆದ್ದರಿಂದಲೇ ನೋವಿಲ್ಲದ ಗಾಯ ಹೆಚ್ಚು ಅಪಾಯಕಾರಿ.

ಕೊರತೆಗೆ ತಕ್ಕ ಚಿಕಿತ್ಸೆ

ಮಾಯದ ಗಾಯಕ್ಕೆ ಒಂದೇ ಮದ್ದು ಎಂಬುದಿಲ್ಲ. ನಾಲ್ಕರಲ್ಲಿ ಯಾವುದರ ಕೊರತೆ ಎಂಬುದನ್ನು ವೈದ್ಯರು ಪತ್ತೆಮಾಡಬೇಕು. ಫ್ಲೋರೆಸೀನ್ ಬಣ್ಣ ಹಾಕಿ ನೀಲಿ ಬೆಳಕು ಬಿಟ್ಟರೆ ಗಾಯವು ಹಸಿರಾಗಿ ಹೊಳೆಯುತ್ತದೆ. ಹತ್ತಿಯ ಎಳೆಯನ್ನು ಮೃದುವಾಗಿ ತಾಗಿಸಿ ಸ್ಪರ್ಶಜ್ಞಾನವನ್ನು ಪರೀಕ್ಷಿಸುತ್ತಾರೆ. ಎಷ್ಟೋ ಸಲ ಮೊದಲ ಚಿಕಿತ್ಸೆ ಎಂದರೆ ಹಾಕುತ್ತಿರುವ ಕೆಲವು ಹನಿಮದ್ದುಗಳನ್ನು ನಿಲ್ಲಿಸುವುದು! ಅನೇಕ ಹನಿಮದ್ದುಗಳಲ್ಲಿ ಸಂರಕ್ಷಕವಾಗಿ ಬಳಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಎಪಿತೀಲಿಯಂಗೆ ಹಾನಿಕರ. ಮರಗಟ್ಟಿಸುವ ಹನಿಯನ್ನು ಮತ್ತೆ ಮತ್ತೆ ಹಾಕಿದರಂತೂ ಗಾಯ ಮಾಯುವುದೇ ನಿಲ್ಲುತ್ತದೆ.

ಕಣ್ಣೀರಿನ ಕೊರತೆಗೆ ಸಂರಕ್ಷಕವಿಲ್ಲದ ಕೃತಕ ಕಣ್ಣೀರು ಇದೆ. ಸಾಲದಿದ್ದರೆ ರೋಗಿಯ ರಕ್ತದಿಂದಲೇ ಸೀರಂ ಬೇರ್ಪಡಿಸಿ ಹನಿಮದ್ದು ತಯಾರಿಸುತ್ತಾರೆ. ಕಣ್ಣೀರಿನಂತೆ ಅದರಲ್ಲೂ ಬೆಳವಣಿಗೆಯ ಅಂಶಗಳು ಮತ್ತು ಎ ಜೀವಸತ್ವ ಇವೆ. ರೆಪ್ಪೆಯ ಉಜ್ಜುವಿಕೆ ತಪ್ಪಿಸಲು ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ಇಡುತ್ತಾರೆ. ನೆಲವೇ ಕೆಟ್ಟಿದ್ದರೆ ಹೆರಿಗೆಯಲ್ಲಿ ಹೊರಬೀಳುವ ಗರ್ಭಚೀಲದ ಒಳಪೊರೆಯನ್ನು, ಅಂದರೆ ಆಮ್ನಿಯಾನ್ ಪೊರೆಯನ್ನು, ಶುದ್ಧೀಕರಿಸಿ ಹೊದಿಸುತ್ತಾರೆ.

ನರದ ಕೊರತೆಗೆ ಮದ್ದು ದೊರೆತದ್ದು ಇತ್ತೀಚೆಗೆ. ನರ ಬೆಳವಣಿಗೆಯ ಅಂಶವನ್ನು ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೊಹೆನ್ ಅವರಿಗೆ 1986ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅದೇ ಅಂಶವನ್ನು ಬ್ಯಾಕ್ಟೀರಿಯಾಗಳಿಂದ ತಯಾರಿಸಿದ ಸೆನೆಗರ್ಮಿನ್ ಹನಿಮದ್ದಿಗೆ 2017ರಲ್ಲಿ ಯೂರೋಪಿನಲ್ಲಿ, 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ದಿನಕ್ಕೆ ಆರು ಬಾರಿ, ಎಂಟು ವಾರ ಹಾಕಬೇಕು. ಬೆಲೆ ಮಾತ್ರ ಬಹಳ ದುಬಾರಿ.

ಆಕರಕೋಶಗಳೇ ಸುಟ್ಟುಹೋದರೆ? ಎಲೆ ಅಡಿಕೆಗೆ ಬಳಸುವ ಸುಣ್ಣ ಮಕ್ಕಳ ಕಣ್ಣಿಗೆ ಸಿಡಿದಾಗ ಹೀಗಾಗಬಹುದು. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೀರೇಂದರ್ ಸಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ಇದಕ್ಕೊಂದು ಸರಳ ವಿಧಾನವನ್ನು ಪ್ರಕಟಿಸಿದರು. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಅದರ ಲಿಂಬಸ್‌ನಿಂದ ಸುಮಾರು 2 ಮಿಲಿಮೀಟರ್ ಉದ್ದಗಲದ ಚೂರನ್ನು ತೆಗೆದು, ಅದನ್ನು ಸಣ್ಣ ತುಣುಕುಗಳಾಗಿಸಿ, ಗಾಯಗೊಂಡ ಕಣ್ಣಿಗೆ ಹೊದಿಸಿದ ಆಮ್ನಿಯಾನ್ ಪೊರೆಯ ಮೇಲೆ ಪೈರು ನಾಟಿಮಾಡಿದಂತೆ ಅಂಟಿಸುತ್ತಾರೆ. ಕೋಶಗಳು ಅಲ್ಲಿಯೇ ಬೆಳೆದು ಹರಡುತ್ತವೆ. ಕೋಶಗಳನ್ನು ಬೆಳೆಸಲು ದುಬಾರಿ ಪ್ರಯೋಗಾಲಯ ಬೇಕಿಲ್ಲ.

ಈ ವಿಷಯಗಳನ್ನು ನಿಮ್ಮ ತರಗತಿಯಲ್ಲಿ ತಪ್ಪದೆ ತಿಳಿಸಿ: ಕಣ್ಣಿಗೆ ಸುಣ್ಣ ಬಿದ್ದರೆ ತಕ್ಷಣ, ಅಲ್ಲಿಯೇ, ಶುದ್ಧವಾದ ನೀರಿನಿಂದ ಕನಿಷ್ಠ 15 ನಿಮಿಷವಾದರೂ ತೊಳೆಯಬೇಕು, ಆಮೇಲೆ ಆಸ್ಪತ್ರೆ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ಹನಿಮದ್ದು ತಂದು ಹಾಕಬಾರದು. ನೋವಿಲ್ಲವೆಂದು ಕೆಂಪಾದ ಕಣ್ಣನ್ನು ಅಲಕ್ಷಿಸಲೂಬಾರದು.