ಅಜ್ಜಿಯ ಮೂಗು ಪಾಸ್ ಮಾಡಿದ ಮೀನು

ಕಳೆದ ಸೆಮಿಸ್ಟರ್ ರಜೆಯಲ್ಲಿ ನನ್ನ ಗಾಳಕ್ಕೆ ಮೊದಲ ಸಲ ಒಂದು ಕೆ.ಜಿ. ದಾಟಿದ ಮೀನು ಬಿತ್ತು. ಸಾಮಾನ್ಯ ಗೆಂಡೆ. ಅರಸೀಕೆರೆಯ ಅಂಚಿಗೆ ಅಂಟಿಕೊಂಡ ಒಂದು ಕೆರೆಯಲ್ಲಿ, ಸಂಜೆ ಐದೂವರೆಯ ಹೊತ್ತಿಗೆ. ಅದನ್ನು ಬೈಕಿನ ಹ್ಯಾಂಡಲ್ಲಿಗೆ ನೇತು ಹಾಕಿಕೊಂಡು, ಬೇಕೆಂದೇ ಗೆಳೆಯರ ಮನೆಗಳಿರುವ ಎರಡು ಬೀದಿ ಸುತ್ತಿ ಮನೆಗೆ ಬಂದೆ. ಅಜ್ಜಿ ಮೀನನ್ನು ಎತ್ತಿ, ಕಿವಿರು ಬಿಡಿಸಿ ಮೂಸಿ ನೋಡಿದಳು.

"ಯಾವ ಕೆರೇದ್ಲಾ ಇದು?"

ಹೇಳಿದೆ.

"ಒಳಗ್ ತರಬ್ಯಾಡ. ಬೆಕ್ಕಿಗೂ ಹಾಕ್‌ಬ್ಯಾಡ. ತಿಪ್ಪೇಲಿ ಗುಂಡಿ ತೆಗೆದು ಹೂತಾಕು."

ಅಷ್ಟೇ. ವೈವಾದಲ್ಲಿ ಫೇಲಾದಾಗಲೂ ನನಗೆ ಅಷ್ಟು ಅವಮಾನ ಆಗಿರಲಿಲ್ಲ. ಬೇಜಾರಿನ ಸಂಗತಿ ಅಂದರೆ, ಅಜ್ಜಿ ಮದುವೆಯಾಗಿ ಬಂದಾಗಿನಿಂದ ಅದೇ ಕೆರೆಯ ಮೀನು ತಿಂದು ನನ್ನಪ್ಪನನ್ನೂ ಚಿಕ್ಕಪ್ಪನನ್ನೂ ಸಾಕಿದವಳು. ಈಗ ಆ ಕೆರೆಗೆ ನಾಲ್ಕು ಬಡಾವಣೆಯ ಚರಂಡಿ ಬಂದು ಸೇರುತ್ತದೆ. ದಡದಲ್ಲಿ ಅಂತರಗಂಗೆ ಹಬ್ಬಿದೆ. ಅವಳು ಅದರ ಏರಿಯ ಮೇಲೆ ನಡೆದು ವರ್ಷಗಳೇ ಆದವು.

ನನಗೆ ಗಾಳ ಕಲಿಸಿದವನು ಚಿಕ್ಕಪ್ಪನ ಮಗ. ಬಿಇ ಮುಗಿಸಿ ಎರಡು ವರ್ಷವಾಗಿದೆ, ಕೆಲಸ ಸಿಕ್ಕಿಲ್ಲ. ಬೆಳಗ್ಗೆ ಕೋಡಿಂಗ್ ಪರೀಕ್ಷೆಗೆ ಓದುತ್ತಾನೆ, ಸಂಜೆ ಗಾಳ ಹಿಡಿದು ಕೂರುತ್ತಾನೆ. "ಇಂಜಿನಿಯರ್ ಸಾಹೇಬ್ರು ಮೀನಿಗೆ ಇಂಟರ್‌ವ್ಯೂ ಮಾಡ್ತಾವ್ರೆ" ಎಂದು ಏರಿ ಮೇಲೆ ಹೋಗುವವರು ನಗುತ್ತಾರೆ. ಅವನೂ ನಗುತ್ತಾನೆ. ಆದರೆ ತಿನ್ನುವ ವಿಷಯದಲ್ಲಿ ಅವನಿಗೆ ಅಜ್ಜಿಗಿಂತ ಹೆಚ್ಚು ಕಟ್ಟುನಿಟ್ಟು. ಗಾಳ ಹಾಕುವವರೆಲ್ಲ ಸಿಕ್ಕಿದ್ದನ್ನೆಲ್ಲ ತಿನ್ನುತ್ತಾರೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ನಾನು ನೋಡಿದ ಮಟ್ಟಿಗೆ ಗಾಳದವರಷ್ಟು ಮೂತಿ ಸೊಟ್ಟ ಮಾಡುವವರು ಮತ್ತೊಬ್ಬರಿಲ್ಲ. ಅಂಗಡಿಯಲ್ಲಿ ಕೊಂಡವನಿಗೆ ಮೀನಿನ ಹಿಂದಿನ ಕತೆ ಗೊತ್ತಿರುವುದಿಲ್ಲ, ಇವರಿಗೆ ಗೊತ್ತಿರುತ್ತದೆ.

ನಮ್ಮ ಕಡೆ ಎಲ್ಲರೂ ಒಪ್ಪುವ ರಾಜ ಕೊರವ. ಕೆಲವರು ಕುಚ್ಚು ಅನ್ನುತ್ತಾರೆ, ಅಂಗಡಿಯವರು ಮರಲ್ ಅನ್ನುತ್ತಾರೆ. ಹಾವಿನಂಥ ತಲೆ, ದುಂಡನೆ ಮೈ. ನೀರಿನಿಂದ ಮೇಲೆ ಬಂದರೂ ಗಾಳಿಯನ್ನೇ ಉಸಿರಾಡಿಕೊಂಡು ಬಹಳ ಹೊತ್ತು ಬದುಕುತ್ತದೆ. ಹಾಗಾಗಿ ಸಂತೆಯಲ್ಲಿ ಜೀವಂತ ಸಿಗುತ್ತದೆ. ಗೆಂಡೆ ಜಾತಿಯಲ್ಲಿ ಮಾಂಸದೊಳಗೆ ಹುದುಗಿರುವ ಆ ಕವಲು ಮುಳ್ಳುಗಳ ಕಾಟ ಇದರಲ್ಲಿ ಇಲ್ಲ. ಬಾಣಂತಿಗೆ, ಕಾಯಿಲೆಯಿಂದ ಎದ್ದವರಿಗೆ ಇದರ ಸಾರು ಎಂದರೆ ಔಷಧಿಗೆ ಸಮ.

ಅಂಥ ಮೀನನ್ನೂ ಅಣ್ಣ ಒಂದು ಕಾಲದಲ್ಲಿ ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಕೆರೆಯ ಅಂಚಿನ ಜೊಂಡಿನ ಹತ್ತಿರ ಕೆಂಪು ಮರಿಗಳ ಗುಂಪೊಂದು ಚೆಂಡಿನ ಹಾಗೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಅದರ ಕೆಳಗೆ ಅಪ್ಪ ಅಮ್ಮ ಕೊರವ ಕಾವಲಿರುತ್ತವೆ. ಆ ಗುಂಪಿನ ಮೇಲೆ ಕಪ್ಪೆಯಾಕಾರದ ಗಾಳ ಎಳೆದರೆ ಹಸಿವಿಲ್ಲದಿದ್ದರೂ ಸಿಟ್ಟಿಗೆ ಬಂದು ಕಚ್ಚುತ್ತವೆ. ಹಿಡಿಯುವುದು ತೀರಾ ಸುಲಭ. ಆದರೆ ತಂದೆ ತಾಯಿ ಹೋದ ಮೇಲೆ ಅಷ್ಟೂ ಮರಿ ಬೇರೆ ಮೀನುಗಳ ಪಾಲು. ಒಂದು ಸಲ ನಾನು ಆಸೆಗೆ ಬಿದ್ದು ಹಾಕಹೊರಟಾಗ ಅಣ್ಣ ದಾರವನ್ನೇ ಕತ್ತರಿಸಿದ. ಎರಡು ದಿನ ನಾವು ಮಾತಾಡಲಿಲ್ಲ.

ಕಾಟ್ಲಾ, ರೋಹು, ಮೃಗಾಲ್ ಬಗ್ಗೆ ಯಾರಿಗೂ ತಕರಾರಿಲ್ಲ. ಕಾಟ್ಲಾ ಮೇಲ್ಪದರದಲ್ಲಿ ತಿನ್ನುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಇವು ಮೂಲತಃ ನಮ್ಮವಲ್ಲ, ಉತ್ತರದ ನದಿಗಳವು. 1957ರ ಜುಲೈ 10ರಂದು ಹೀರಾಲಾಲ್ ಚೌಧರಿ ಮತ್ತು ಕೆ.ಎಚ್. ಅಲಿಕುಂಞಿ ಹಾರ್ಮೋನು ಚುಚ್ಚಿ ಇಂಥ ಗೆಂಡೆಗಳಿಂದ ಮೊಟ್ಟೆ ಇಡಿಸುವುದರಲ್ಲಿ ಗೆದ್ದರು. ಆ ಮೇಲೆಯೇ ಮರಿಗಳು ದೇಶದ ಕೆರೆ ಕೆರೆಗೂ ಬಂದವು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ಕೆರೆ ಗುತ್ತಿಗೆಗೆ ಹೋಗಿದ್ದರೆ ಈ ಮರಿ ಬಿಟ್ಟವರು ಗುತ್ತಿಗೆದಾರರು. ನಾವು ಕೇಳಿಯೇ ಗಾಳ ಹಾಕುತ್ತೇವೆ, ಕೆಲವೊಮ್ಮೆ ಬೈಸಿಕೊಂಡು ವಾಪಸ್ ಬರುತ್ತೇವೆ.

ಜಿಲೇಬಿ ಮೀನಿನ ವಿಷಯಕ್ಕೆ ಬಂದರೆ ಮನೆಮನೆಗೂ ಒಂದೊಂದು ಮಾತು. ಎರೆಹುಳು ಹಾಕಿ ಎರಡು ನಿಮಿಷಕ್ಕೆ ಕಚ್ಚುತ್ತದೆ, ಹುರಿದರೆ ಚೆನ್ನಾಗಿರುತ್ತದೆ, ಮುಳ್ಳೂ ಕಡಿಮೆ. ಆಫ್ರಿಕಾದ ಈ ತಿಲಾಪಿಯಾ ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ. ಹೆಣ್ಣು ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಅದೇ ಕಾರಣಕ್ಕೆ ನಮ್ಮಮ್ಮ ಅದನ್ನು ತಿನ್ನುವುದಿಲ್ಲ. ಒಂದು ಸಲ ಹುರುಪೆ ತೆಗೆಯುವಾಗ ಬಾಯಿಂದ ಮರಿಗಳು ಪುಳಪುಳ ಉದುರಿದವಂತೆ. "ಬಾಯಲ್ಲಿ ಮಕ್ಕಳನ್ನ ಇಟ್ಕೊಂಡಿರೋದನ್ನ ಹೆಂಗಪ್ಪ ಕೊಯ್ಯೋದು" ಎಂದು ಅವತ್ತೇ ಬಿಟ್ಟರು. ಚಿಕ್ಕಪ್ಪನಿಗೆ ಇಂಥ ಯಾವ ಸಂಕಟವೂ ಇಲ್ಲ, ಪ್ಲೇಟು ಖಾಲಿ.

ಯಾರೂ ತಿನ್ನದ್ದು ಅಂದರೆ ಆಫ್ರಿಕನ್ ಕ್ಯಾಟ್‌ಫಿಶ್. ಇದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಮತ್ತೆ ಎಚ್ಚರಿಸಿದೆ. ಆದರೂ ಕೆರೆಗಳಿಗೆ ಸೇರಿಕೊಂಡಿದೆ. ಕೋಳಿ ಅಂಗಡಿ ತ್ಯಾಜ್ಯದಿಂದ ಹಿಡಿದು ಚಿಕ್ಕ ಮೀನು, ಕಪ್ಪೆ, ಎಲ್ಲವನ್ನೂ ನುಂಗುತ್ತದೆ. ಗಾಳಕ್ಕೆ ಬಿದ್ದರೆ ನಮ್ಮ ಗುಂಪಿನವರು ನೀರಿಗೆ ವಾಪಸ್ ಬಿಡುವುದಿಲ್ಲ, ಮನೆಗೂ ತರುವುದಿಲ್ಲ. ಇದರಿಂದ ಅನ್ಯಾಯವಾದದ್ದು ನಮ್ಮ ನಾಡಿನ ಮೀಸೆ ಮೀನುಗಳಿಗೆ. ಮುಳ್ಳು ಚುಚ್ಚಿದರೆ ರಾತ್ರಿಯಿಡೀ ಉರಿಸುವ ಚೇಳು ಮೀನನ್ನು ಹಿಂದಿನವರು ಹುಡುಕಿಕೊಂಡು ಹೋಗಿ ತಿನ್ನುತ್ತಿದ್ದರಂತೆ. ಈಗ ಮೀಸೆ ಕಂಡರೆ ಸಾಕು, ಎಲ್ಲವೂ ಆಫ್ರಿಕನ್ನೇ ಎಂದು ಎಸೆಯುತ್ತಾರೆ.

ಇನ್ನು ನನ್ನ ಗೆಂಡೆಯ ಕೇಸಿಗೆ ಬರೋಣ. ಕೆರೆ ಮೀನಿನ ಮೇಲೆ ಪೇಟೆಯವರ ದೊಡ್ಡ ದೂರು ಕೆಸರು ವಾಸನೆ. ಅಜ್ಜಿ ಮೂಸಿದ್ದು ಇದನ್ನೇ ಇರಬೇಕು ಎಂದು ಹಾಸ್ಟೆಲ್‌ಗೆ ಹೋದ ಮೇಲೆ ಹುಡುಕಿದೆ. ಅದಕ್ಕೆ ಕಾರಣ ಜಿಯೋಸ್ಮಿನ್ ಎಂಬ ರಾಸಾಯನಿಕ. ನೀರಿನ ನೀಲಿ ಹಸಿರು ಪಾಚಿ ಮತ್ತು ಮಣ್ಣಿನ ಕೆಲವು ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಆ ಹೆಸರು ಬಂದದ್ದು 1965ರಲ್ಲಿ. ಒಂದು ಲೀಟರ್ ನೀರಿನಲ್ಲಿ 10 ನ್ಯಾನೋಗ್ರಾಂ ಆಸುಪಾಸು ಇದ್ದರೂ ಮನುಷ್ಯರ ಮೂಗಿಗೆ ಗೊತ್ತಾಗುತ್ತದೆ. ತಮಾಷೆ ನೋಡಿ, ಮೊದಲ ಮಳೆ ಬಿದ್ದಾಗ ಬರುವ ಮಣ್ಣಿನ ಘಮದಲ್ಲಿ ಇರುವುದೂ ಇದೇ! ಸ್ಟೇಟಸ್ ಹಾಕಿಕೊಳ್ಳುವಾಗ ಘಮ, ತಟ್ಟೆಯಲ್ಲಿ ಬಂದರೆ ನಾತ. ಇದು ಮೀನಿನ ಚರ್ಮ ಮತ್ತು ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ತಳದ ಕೆಸರು ಕೆದಕುವ ಸಾಮಾನ್ಯ ಗೆಂಡೆಗೆ ಈ ಅಪವಾದ ಹೆಚ್ಚು. ಹುಳಿ ತಗುಲಿದರೆ ಜಿಯೋಸ್ಮಿನ್ ಒಡೆದು ವಾಸನೆ ಕಳೆದುಕೊಳ್ಳುತ್ತದೆ. ಬೂದಿ ಹಾಕಿ ಉಜ್ಜಿ, ಕಲ್ಲುಪ್ಪು ಅರಿಶಿನದಲ್ಲಿ ತೊಳೆದು, ಹುಣಸೆ ಹುಳಿಯಲ್ಲಿ ನೆನೆಸಿಟ್ಟು ಆಮೇಲೆ ಸಾರಿಗೆ ಬಿಡುವ ಅಜ್ಜಿಗೆ ಕೆಮಿಸ್ಟ್ರಿ ಯಾರೂ ಪಾಠ ಮಾಡಿರಲಿಲ್ಲ.

ಈ ಜ್ಞಾನವನ್ನೆಲ್ಲ ಫೋನಿನಲ್ಲಿ ಒದರಿ, "ಹುಣಸೆಹಣ್ಣು ಜಾಸ್ತಿ ಹಾಕಿದ್ರೆ ಆಗ್ತಿತ್ತಲ್ಲಜ್ಜಿ" ಎಂದೆ.

"ಕೆಸರು ವಾಸ್ನೆ ನಂಗೊತ್ತಿಲ್ವೇನೋ? ಅದು ಕೆಸರಲ್ಲ, ಬಚ್ಚಲು" ಅಂದಳು.

ಎರಡೂ ಬೇರೆ ಬೇರೆ ಎಂಬುದು ನನಗೆ ಆಗ ಹೊಳೆಯಿತು. ಕೆಸರು ವಾಸನೆ ಆರೋಗ್ಯಕ್ಕೆ ಕೇಡಲ್ಲ, ಹುಳಿಗೆ ಹೋಗುತ್ತದೆ. ಚರಂಡಿ ನೀರಿನ ಜೊತೆ ಬರುವುದು ಹುಳಿಗೆ ಹೋಗುವುದಿಲ್ಲ. ಸೀಸ, ಕ್ಯಾಡ್ಮಿಯಂನಂಥ ಲೋಹವೇನಾದರೂ ಸೇರಿದ್ದರೆ ಅಜ್ಜಿಯ ಮೂಗಿಗೂ ಸಿಗುವುದಿಲ್ಲ. ಆ ಕೆರೆಯಲ್ಲಿ ಹಿಡಿದ ಮೀನನ್ನು ಗೊತ್ತಿಲ್ಲದೆ ಯಾರೋ ಕೊಂಡು ತಿನ್ನುತ್ತಾರೆ, ಬಹುಶಃ ನಾವು ವಾರದ ಸಂತೆಯಲ್ಲಿ ತಂದದ್ದೂ ಅದೇ ಇರಬಹುದು. ಇದನ್ನು ಯೋಚಿಸಿದಾಗೆಲ್ಲ ನನಗೆ ಹೊಟ್ಟೆ ತೊಳಸುತ್ತದೆ.

ಮೀನಿನ ಹುಚ್ಚು ನಮ್ಮ ನೆಲಕ್ಕೆ ಹೊಸದಲ್ಲ. ಬೇಲೂರಿನಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಅದಾಗಿ ಹೆಚ್ಚುಕಡಿಮೆ ಹತ್ತು ವರ್ಷಕ್ಕೆ ಕಲ್ಯಾಣದಲ್ಲಿ ಚಾಲುಕ್ಯರ ಮೂರನೇ ಸೋಮೇಶ್ವರ ಪಟ್ಟಕ್ಕೆ ಬಂದ. ಅವನು ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ 'ಮತ್ಸ್ಯವಿನೋದ' ಎಂಬ ಅಧ್ಯಾಯವೇ ಇದೆ. ಸುಮಾರು 35 ಬಗೆಯ ಮೀನು, ಯಾವುದಕ್ಕೆ ಏನು ತಿನ್ನಿಸಬೇಕು, ಕೋಲು ಹೇಗಿರಬೇಕು, ದಾರ ಹೇಗಿರಬೇಕು, ಎಲ್ಲ ಅದರಲ್ಲಿ ಬರುತ್ತದೆ. ಸುಂದರ್ ಲಾಲ್ ಹೋರಾ ಎಂಬ ಮೀನು ವಿಜ್ಞಾನಿ 1951ರಲ್ಲಿ ಅದರ ಬಗ್ಗೆ ಪ್ರಬಂಧ ಬರೆದರು. ಅದೇ ಗ್ರಂಥದ ಅಡುಗೆಯ ಭಾಗದಲ್ಲಿ ಮೀನಿನ ತುಂಡುಗಳಿಗೆ ಹುಣಸೆ ರಸ ಸೇರಿಸುವ ಮಾತೂ ಇದೆ. ಅಜ್ಜಿಗೆ ಹೇಳಿದರೆ "ಮತ್ತೆ ಇನ್ನೇನು ಹಾಕ್ತಾರೆ?" ಎಂದಳು.

ಹಳೇಬೀಡಿಗೆ ಹೋದಾಗ ಗುಡಿಯ ತಳದ ಸಾಲಿನಲ್ಲಿ ಕೆತ್ತಿದ ಮಕರಗಳನ್ನು ನೋಡುತ್ತೇನೆ, ಆಮೇಲೆ ಹೊಯ್ಸಳರ ದೋರಸಮುದ್ರ ಕೆರೆಯ ಕಡೆ ನಡೆಯುತ್ತೇನೆ. ದಡದಲ್ಲಿ ಗಾಳ ಹಿಡಿದು ಕೂತವರು ಒಬ್ಬಿಬ್ಬರಾದರೂ ಇರುತ್ತಾರೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗರು ಹೆಚ್ಚಿದ್ದಾರೆ, ಅವರಿಗೆ ಮಾತ್ರ ಅದರ ಗೊಡವೆ ಇಲ್ಲ. ಒಬ್ಬರು ಹಿರಿಯರು ನನಗೆ ಹೇಳಿದ್ದು: "ಹರಿಯೋ ನೀರಿನ ಮೀನು ನೆಂಟ್ರಿಗೆ, ನಿಂತ ನೀರಿನ ಮೀನು ಮನೆಗೆ." ಹರಿಯುವ ನೀರು ಅಂದರೆ ಅವರ ಲೆಕ್ಕದಲ್ಲಿ ಬೇಲೂರಿನ ಯಗಚಿ. ಆದರೆ ಅದಕ್ಕೂ ಅಣೆಕಟ್ಟು ಬಂದಾಯಿತು.

ನಮ್ಮ ಜಿಲ್ಲೆಯಲ್ಲೇ ಯಾವ ಗಾಳದವನೂ ಮುಟ್ಟದ ಮೀನೂ ಇದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿಯ ವಹ್ನಿಪುಷ್ಕರಿಣಿಯಲ್ಲಿ ದೊಡ್ಡ ದೊಡ್ಡ ಮಹಸೀರ್‌ಗಳು ಭಕ್ತರು ಹಾಕುವ ಪುರಿಗೆ ಬಾಯಿ ತೆರೆದುಕೊಂಡು ಬರುತ್ತವೆ. ಅವು ದೇವರ ಮೀನು. ಗಾಳದವನ ಕನಸಿನ ಮೀನು ಕೈಗೆಟುಕುವ ದೂರದಲ್ಲಿದ್ದಾಗ ಅಣ್ಣ ಅರ್ಧ ಗಂಟೆ ಸುಮ್ಮನೆ ನೋಡುತ್ತ ಕೂತಿದ್ದ. ಆಮೇಲೆ ಇನ್ನೊಂದು ಪೊಟ್ಟಣ ಪುರಿ ತಂದ.

ಈಗ ನಾವು ಜಾವಗಲ್ ದಾರಿಯಲ್ಲಿ, ಊರಿನಿಂದ ದೂರದ ಒಂದು ಸಣ್ಣ ಕೆರೆಗೆ ಹೋಗುತ್ತೇವೆ. ಸುತ್ತ ತೆಂಗಿನ ತೋಟ, ಚರಂಡಿ ಇಲ್ಲ. ಪೆಟ್ರೋಲ್ ದುಡ್ಡಿಗೆ ಹೋಲಿಸಿದರೆ ಮೀನು ಕೊಳ್ಳುವುದೇ ಲಾಭ. ಕಳೆದ ಭಾನುವಾರ ನಾವು ತಂದದ್ದು ಬರೀ ಪಕ್ಕೆ, ಸಸಲು, ಅಂಗೈ ಉದ್ದವೂ ಇಲ್ಲದ ಪುಡಿ ಮೀನು. ಅಜ್ಜಿ ಒಂದನ್ನು ಎತ್ತಿ ಮೂಸಿದಳು. ಏನೂ ಹೇಳದೆ ಒಲೆಯ ಬೂದಿ ತರಲು ಹಿತ್ತಲಿಗೆ ಹೋದಳು.

ಆ ಸಾರು ಮಾರನೇ ದಿನ ಇನ್ನೂ ಚೆನ್ನಾಗಿತ್ತು. ಅಣ್ಣನಿಗೆ ಮಾತ್ರ ತಂಗಳು ಸಾರು ಸಿಗಲಿಲ್ಲ, ರಾತ್ರಿಯೇ ಇಂಟರ್‌ವ್ಯೂಗೆಂದು ಬೆಂಗಳೂರಿಗೆ ರೈಲು ಹತ್ತಿದ್ದ. ಗೆಳೆಯನ ಪಿಜಿಯಿಂದ ಫೋಟೊ ಕಳಿಸಿದ: ಬೋನ್‌ಲೆಸ್ ಫಿಶ್ ಫ್ರೈ. ಯಾವ ಮೀನು ಎಂದು ಕೇಳಿದೆ. ಬಾಸಾ ಅಂತೆ. ಬಾಸಾ ಎಂದು ಮಾರುವುದು ಕೂಡ ಕ್ಯಾಟ್‌ಫಿಶ್ ಜಾತಿಯದ್ದೇ, ಸಾಕಿದ ಪಂಗಾಸಿಯಸ್ ಎಂದು ಗೂಗಲ್ ಮಾಡಿ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಅಜ್ಜಿ ಪಕ್ಕದಲ್ಲಿ ಕೂತು ಕೇಳಿದಳು, "ಅವ್ನು ಕಿವಿರು ನೋಡ್ದ್ನಂತಾ?"